ಶಶಿಅಕ್ಕನ ಗಂಟಲು

ಮಾನ್ವಿ
ಆಗಸ್ಟ್ 17, 2025, ಭಾನುವಾರ

ಈ ಡೈರಿ ಅಬ್ದುಲ್ ವಹೀದ್ ಸರ್ ಕೊಟ್ಟದ್ದು. ದೇವದುರ್ಗದ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ, ನಾನು ವಿಜ್ಞಾನ. "ಸಂಜೀವ ಸರ್, ನೀವು ಯಾರ ಜೋಡಿನೂ ಮಾತಾಡವಲ್ರಿ. ಹಾಳಿ ಮ್ಯಾಲರ ಬರೀರಿ" ಎಂದು ಕೈಗೆ ತುರುಕಿದರು. ಹೋದ ವರ್ಷದ ಡೈರಿ. ತಾರೀಖು ಸರಿ, ವಾರ ತಪ್ಪು. ಒಂದೊಂದನ್ನೂ ಹೊಡೆದುಹಾಕಿ ಮೇಲೆ ಬರೆದುಕೊಳ್ಳಬೇಕು. ಇಪ್ಪತ್ತೇಳು ವರ್ಷ ಮಕ್ಕಳ ನೋಟ್ಸು ತಿದ್ದಿದವನಿಗೆ ಇದೇನು ದೊಡ್ಡದಲ್ಲ.

ಶಶಿಕಲಾ ಹೋಗಿ ಇವತ್ತಿಗೆ ಅರವತ್ತೆಂಟು ದಿನ. ಇಲ್ಲಿಯ ಸರ್ಕಾರಿ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದವಳು. ಊರಿನ ಅರ್ಧ ಮಕ್ಕಳು ಅವಳ ಕೈಮೇಲೆ ಹುಟ್ಟಿದ್ದಾವೆ. ಅವಳಿಗೇ ಕಾಮಾಲೆ ಬಂತು. ರಾಯಚೂರಿಗೆ ಸೇರಿಸಿದೆ. ಹನ್ನೊಂದನೇ ದಿನ ಮುಗಿಯಿತು.

ಮಣ್ಣು ಮಾಡುವ ದಿನ ನನ್ನ ಅಕ್ಕ ಮೌನೇಶ್ವರಿ ಅವಳ ತಲೆಯ ಹತ್ತಿರ ಕುಳಿತು ಹಾಡಿಕೊಂಡು ಅಳಲು ಶುರುಮಾಡಿದ್ದಳು. ನಮ್ಮ ಕಡೆ ಹೆಂಗಸರು ಹಾಗೇ ಅಳುವುದು, ಹೋದವರ ಗುಣ ಒಂದೊಂದೇ ಎತ್ತಿ ರಾಗ ಮಾಡಿ. ನಾನು ತಡೆದೆ. ಬೌದ್ಧರ ಮನೆಯಲ್ಲಿ ತ್ರಿಶರಣ ಹೇಳಿ ಶಾಂತವಾಗಿ ಕಳಿಸಬೇಕು ಎಂದೆ. ಎಲ್ಲರೂ ಸುಮ್ಮನಾದರು. ಅಕ್ಕ ಅವತ್ತಿನಿಂದ ಫೋನ್ ಮಾಡಿಲ್ಲ.

ನಮಗೆ ಮಕ್ಕಳಿಲ್ಲ. ಮನೆಯಲ್ಲೀಗ ನಾನು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು, ಮತ್ತೆ ಅವಳ ಫೋನು. ಗ್ಯಾಸು, ಬ್ಯಾಂಕು ಎಲ್ಲ ಅದೇ ನಂಬರಿಗಿವೆ, ಬಂದ್ ಮಾಡುವಂತಿಲ್ಲ. ದಿನಾ ಚಾರ್ಜ್ ಹಾಕುತ್ತೇನೆ.

ಒಂದು ಬೂದು ಬೆಕ್ಕು ಅಡುಗೆಮನೆ ಕಿಟಕಿಗೆ ಬರಲು ಹತ್ತಿದೆ. ಹುಶ್ ಎಂದು ಓಡಿಸಿದೆ.

ಆಗಸ್ಟ್ 21, ಗುರುವಾರ

ಅವಳ ಫೋನು ಸಂಜೆಯಾದರೆ ಟಣ್ ಟಣ್ ಅನ್ನುತ್ತಲೇ ಇರುತ್ತದೆ. ಇವತ್ತು ತೆರೆದೆ. 'ಪದ್ಮಕ್ಕನ ಮಂದಿ' ಎಂದು ಒಂದು ವಾಟ್ಸಾಪ್ ಗ್ರೂಪು. ಮೂವತ್ತೊಂದು ಹೆಂಗಸರು. ಒಬ್ಬರನ್ನೊಬ್ಬರು ಎದುರಿಗೆ ಕಂಡವರಲ್ಲ. ಟೀವಿ ಧಾರಾವಾಹಿಯೊಂದು ಸೇರಿಸಿದ ಬಳಗ.

ಧಾರಾವಾಹಿಯ ಹೆಸರು 'ಹೊಳೆಯಾಚೆ ಮನೆ'. ದಿನಾ ಸಂಜೆ ಏಳಕ್ಕೆ. ಅದರಲ್ಲಿ ಪದ್ಮಾ ಎಂಬ ಹಿರಿಸೊಸೆ, ಮನೆಮಂದಿ ಮಾಡಿದ ತಪ್ಪನ್ನೆಲ್ಲ ಸದ್ದಿಲ್ಲದೆ ಸರಿಮಾಡುವವಳು. ಫೆಬ್ರುವರಿಯಲ್ಲಿ ಅವಳನ್ನು ಲಾರಿಯ ಕೆಳಗೆ ಹಾಕಿ ಮುಗಿಸಿದರು. ಪಾತ್ರ ಮಾಡಿದಾಕೆಗೆ ಬೇರೆ ಕಡೆ ಕೆಲಸ ಸಿಕ್ಕಿರಬೇಕು, ಅಷ್ಟೇ. ಆದರೆ ಪದ್ಮಾ ಸಾಕಿದ ಬಿಳಿ ಬೆಕ್ಕು ಆ ಮನೆಯಲ್ಲೇ ಉಳಿಯಿತು. ಪದ್ಮಾಳ ಜೀವ ಬೆಕ್ಕಿನೊಳಗೆ ಸೇರಿದೆ ಎಂಬುದು ಈ ಮಂದಿಯ ವಾದ. ಕಿರಿಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಬೆಕ್ಕು ಪಾತ್ರೆ ಉರುಳಿಸಿತಂತೆ. ಅದು ಪುರಾವೆ! ಒಂಬತ್ತನೇ ಕ್ಲಾಸಿನ ಹುಡುಗ ಹೀಗೆ ಬರೆದರೆ ಸೊನ್ನೆ ಕೊಟ್ಟು ಮನೆಗೆ ಕಳಿಸುತ್ತೇನೆ.

ಈ ವಾದ ಹೂಡಿದ ಮಹಾತಾಯಿ ಯಾರು ಎಂದು ಮೇಲಕ್ಕೆ ಸರಿಸುತ್ತ ಹೋದೆ. ಎಲ್ಲರೂ 'ಶಶಿಅಕ್ಕ ಹೇಳಿದ್ದು ಖರೆ' ಎಂದೇ ಬರೆದಿದ್ದಾರೆ. ನನ್ನ ಹೆಂಡತಿ. ನರ್ಸು. ಸತ್ತ ಮೇಲೆ ಏನೂ ಉಳಿಯುವುದಿಲ್ಲವೆಂದು ನನ್ನೊಂದಿಗೆ ಊರೂರು ಭಾಷಣಕ್ಕೆ ಬಂದವಳು.

ಅವಳ ಮಾತೆಲ್ಲ ವಾಯ್ಸ್ ಮೆಸೇಜು. ಸಾಲಾಗಿ ನಿಂತಿವೆ. ಒತ್ತಲಿಲ್ಲ. ಏಳು ಗಂಟೆಗೆ ಅವಳು ಟೀವಿ ಹಚ್ಚಿದಾಗ ನಾನು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಪೇಪರ್ ತಿದ್ದುವುದಿತ್ತು.

ಓದುತ್ತಿದ್ದಾಗಲೇ ದೇವದುರ್ಗದ ಸವಿತಾ ಎಂಬಾಕೆ, ಹೊಲಿಗೆ ಅಂಗಡಿಯಾಕೆ, ಬರೆದಳು: "ಶಶಿಅಕ್ಕಾ, ಎರಡು ತಿಂಗಳಾತು ಎಲ್ಲಿ ಹೋಗೀರಿ? ಇವತ್ತು ಬೆಕ್ಕು ಮಾಡಿದ್ದು ನೋಡಿದ್ರೇನು?"

ವಿಷಯ ತಿಳಿಸಿಬಿಡೋಣವೆಂದು 'ಅವರು' ಎಂದು ಟೈಪ್ ಮಾಡಿದೆ. ಮುಂದಿನ ಶಬ್ದ ಬರಲಿಲ್ಲ. ಅಳಿಸಿ, "ನೋಡಿಲ್ಲ. ಏನಾತು?" ಎಂದು ಕಳಿಸಿದೆ. ಸುಳ್ಳೇನಲ್ಲ. ನಾನು ನೋಡಿರಲಿಲ್ಲ.

ನಿಮಿಷದೊಳಗೆ ಹದಿನೇಳು ಜನ. "ಅಕ್ಕ ಬಂದ್ರು! ಅಕ್ಕ ಬಂದ್ರು!"

ಆಗಸ್ಟ್ 22, ಶುಕ್ರವಾರ

ನೋಡಿದೆ. ಬೆಕ್ಕು ನಲ್ಲಿಯ ಹತ್ತಿರ ಕೂತಿತ್ತು. ಬೆಕ್ಕು ನಲ್ಲಿಯ ಹತ್ತಿರ ಕೂರದೆ ಮತ್ತೆಲ್ಲಿ ಕೂರಬೇಕು?

ಸೆಪ್ಟೆಂಬರ್ 2, ಮಂಗಳವಾರ

ದಿನಾ ಸಿರವಾರದಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಆರೂವರೆ. ಮೊದಲು ಚಹಾ ಮಾಡಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದೆ. ಈಗ ಚಹಾ ಮಾಡಿಕೊಂಡು ಟೀವಿ ನೋಡುತ್ತೇನೆ. ದೊಡ್ಡ ವ್ಯತ್ಯಾಸವಿಲ್ಲ.

ಇವತ್ತು ಕಲ್ಮಲದ ಹನುಮಂತಮ್ಮನ ವಾಯ್ಸ್ ಮೆಸೇಜು ಬಂತು. ಕೂಲಿ ಮಾಡುವ ಹೆಂಗಸು, ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗುವಾಕೆ. ಇದನ್ನು ಒತ್ತಿ ಕೇಳಿದೆ, ಬೇರೆಯವರ ದನಿ ಕೇಳಲು ಏನಂತೆ. "ಯಕ್ಕಾ, ಹಿಂಗ್ಯಾಕ ಅಕ್ಷರ ಕಳಸಾಕತ್ತೀರಿ? ನನಗ ಓದಾಕ ಬರಂಗಿಲ್ಲ ಅಂತ ನಿಮಗ ಗೊತ್ತದ. ಪಕ್ಕದ ಮನಿಯಾಕಿ ಕಡಿ ಓದಿಸಾಕತ್ತೀನಿ. ಮೊದಲಿನಂಗ ಬಾಯಿಲೆ ಹೇಳ್ರಿ ಯಕ್ಕಾ."

ಇದಕ್ಕೇನು ಹೇಳುವುದು? "ಗಂಟಲು ಸರಿಯಿಲ್ಲ" ಎಂದು ಬರೆದೆ.

ರಾಯಚೂರಿನ ವಿಜಯಲಕ್ಷ್ಮಿ, ಅಕ್ಕಿ ಮಿಲ್ಲಿನವರ ಮನೆಯಾಕೆ, ಮೆಣಸು-ಜೇನುತುಪ್ಪ ಎಂದಳು. ಸವಿತಾ ಉಪ್ಪುನೀರು ಎಂದಳು. ರಾತ್ರಿಯೊಳಗೆ ಇಪ್ಪತ್ತಮೂರು ಔಷಧಿ. ಅವರ ಔಷಧಿಗಳನ್ನು ಓದುತ್ತ ಓದುತ್ತ ನನ್ನ ಗಂಟಲು ನಿಜಕ್ಕೂ ಹಿಡಿದುಕೊಂಡಿತು.

ಸೆಪ್ಟೆಂಬರ್ 13, ಶನಿವಾರ

ಇವರ ಪುರಾವೆಗಳು ತೀರಾ ಕಚ್ಚಾ. ವಾದ ಮಾಡುವುದೇ ಆದರೆ ಸರಿಯಾಗಿ ಮಾಡಬೇಕು. ಆದ್ದರಿಂದ ಶಿಸ್ತಾಗಿ ಒಂದು ಪಟ್ಟಿ ಮಾಡಿ ಹಾಕಿದೆ. ಪದ್ಮಾ ಬದುಕಿದ್ದಾಗ ಅತ್ತೆ ಉಣ್ಣುವ ಮುಂಚೆ ಉಣ್ಣುತ್ತಿರಲಿಲ್ಲ. ಬೆಕ್ಕೂ ಅತ್ತೆ ತಟ್ಟೆಯಿಂದ ಏಳುವವರೆಗೆ ಹಾಲು ಮುಟ್ಟುವುದಿಲ್ಲ (ಆರು ಕಂತುಗಳಲ್ಲಿ ನಾಲ್ಕರಲ್ಲಿ). ಪದ್ಮಾಳ ಗಂಡ ಬೇಸರದಲ್ಲಿದ್ದ ದಿನ ಬೆಕ್ಕು ಅವನ ಚಪ್ಪಲಿಯ ಮೇಲೆ ಮಲಗುತ್ತದೆ. ಕ್ಯಾಮೆರಾದವನು ಬೇಕೆಂದೇ ಅದನ್ನು ತೋರಿಸುತ್ತಾನೆ. ಉದ್ದೇಶವಿಲ್ಲದೆ ತೋರಿಸುವುದಿಲ್ಲ.

"ಅಕ್ಕಾ, ನೀವು ಭಾಳ ಶಾಣ್ಯಾ ಆಗೀರಿ. ಆದ್ರ ಮೊದಲಿನಂಗ ನಗಸವಲ್ರಿ" ಎಂದು ಸವಿತಾ ಬರೆದಳು.

ಶಶಿಕಲಾ ಜನರನ್ನು ನಗಿಸುತ್ತಿದ್ದಳೇ? ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ನಾನು ಹೆಚ್ಚು ಮಾತಾಡುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು.

ಬೂದು ಬೆಕ್ಕಿಗೆ ಬಲಗಿವಿ ಹರಿದಿದೆ. ಬೆಕ್ಕುಗಳ ನಡವಳಿಕೆ ಹತ್ತಿರದಿಂದ ನೋಡಬೇಕಾದ್ದರಿಂದ ಒಂದು ಬಟ್ಟಲು ಹಾಲಿಟ್ಟೆ. ಅದು ನಾನು ಉಣ್ಣುವವರೆಗೆ ಕಾಯಲಿಲ್ಲ. ಗಟಗಟ ಕುಡಿದು ಹೋಯಿತು.

ಸೆಪ್ಟೆಂಬರ್ 28, ಭಾನುವಾರ

ಅಕ್ಕ ರಾಯಚೂರಿನಿಂದ ಬಂದಿದ್ದಳು. ಶಶಿಕಲಾಳ ಸೀರೆಗಳನ್ನು ನೋಡಿದಳು, ಮುಟ್ಟಲಿಲ್ಲ. ಚಪ್ಪಲಿಗಳ ಹತ್ತಿರ ಬಟ್ಟಲು ನೋಡಿ, "ಬೆಕ್ಕು ಸಾಕೀಯೇನೋ?" ಎಂದಳು. ಇಲ್ಲ ಎಂದೆ. "ಮತ್ತ ಹಾಲು ಯಾರಿಗೆ?"

ನಾನು ಚಹಾಕ್ಕೆ ನೀರಿಟ್ಟೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಸಂಜೀವಾ, ಅವತ್ತು ನನ್ನ ಬಾಯಿ ಮುಚ್ಚಿಸಿದಿ. ಮುಚ್ಚಿದೆ. ನೀನರ ಅತ್ತಿಯೇನು?" ಎಂದಳು. ಬಸ್ಸಿಗೆ ಹೊತ್ತಾಯಿತು ಅಕ್ಕಾ ಎಂದೆ. ಬಸ್ಸಿಗಿನ್ನೂ ಮುಕ್ಕಾಲು ತಾಸಿತ್ತು.

ಅಕ್ಟೋಬರ್ 14, ಮಂಗಳವಾರ

ಧಮ್ಮದೀಕ್ಷಾ ದಿನ, ಬಾಬಾಸಾಹೇಬರು ಬೌದ್ಧರಾದದ್ದು. ರಾಯಚೂರಿನಲ್ಲಿ ಕಾರ್ಯಕ್ರಮ. ಹನ್ನೆರಡು ವರ್ಷದಿಂದ 'ಆತ್ಮವೆಂಬುದಿಲ್ಲ' ಎಂಬ ವಿಷಯದ ಮೇಲೆ ನನ್ನದೇ ಭಾಷಣ. ಈ ವರ್ಷವೂ ಮಾಡಿದೆ. ಬತ್ತಿ ಆರಿದ ಮೇಲೆ ಬೆಳಕು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಏನು ಹೇಳುತ್ತೀರಿ ಎಂದು ಎಂದಿನಂತೆ ಕೇಳಿದೆ. ಮುಂದಿನ ಸಾಲಿನ ಎಡತುದಿಯಲ್ಲಿ ಅವಳು ಕೂರುತ್ತಿದ್ದಳು, ನೀರಿನ ಬಾಟಲಿ ಹಿಡಿದು. ಇವತ್ತು ಅಲ್ಲಿ ಯಾರೋ ಕೂತಿದ್ದರು. ಭಾಷಣ ಎಂಟು ನಿಮಿಷಕ್ಕೆ ಮುಗಿಸಿದೆ. ಊಟಕ್ಕೆ ನಿಲ್ಲಲಿಲ್ಲ. ನಿಂತಿದ್ದರೆ ಏಳು ಗಂಟೆ ತಪ್ಪುತ್ತಿತ್ತು.

ನವೆಂಬರ್ 6, ಗುರುವಾರ

ಬೆಕ್ಕು ನಾಲ್ಕು ದಿನದಿಂದ ಕಾಣುತ್ತಿಲ್ಲ. ಧಾರಾವಾಹಿಯದು.

ನವೆಂಬರ್ 13, ಗುರುವಾರ

ಹನ್ನೊಂದು ದಿನ. ಹನ್ನೊಂದನೇ ದಿನ ನನಗೆ ಆಗಿಬರುವುದಿಲ್ಲ.

ಬೆಕ್ಕು ಏನಾಯಿತೆಂದು ಯಾರೂ ಒಂದು ಮಾತು ಆಡಲಿಲ್ಲ. ಅತ್ತೆ ಕೇಳಲಿಲ್ಲ, ಗಂಡ ಕೇಳಲಿಲ್ಲ. ಬಟ್ಟಲು ಕೂಡ ಎತ್ತಿಟ್ಟಿದ್ದಾರೆ. ಕಥೆ ಬರೆಯುವವರು ಮರೆತಿದ್ದಾರೆ, ಅಷ್ಟೇ. ನಿಮಗೇನು, ಒಂದು ಬೆಕ್ಕು! ನೋಡುವವರು ಏನು ಮಾಡಬೇಕು? ಎಂಟು ತಿಂಗಳು ಆಸೆ ತೋರಿಸಿ ಹೇಳದೆ ಕೇಳದೆ ಒಯ್ದುಬಿಡುವುದೇ? ಚಾನೆಲ್‌ಗೆ ಕಾಗದ ಬರೆದೆ. ಎರಡು ಪುಟ.

ಗ್ರೂಪಿನಲ್ಲಿ ಅಳುವೋ ಅಳು. ಹನುಮಂತಮ್ಮ ಮಾತ್ರ ಶಶಿಕಲಾಳ ನಂಬರಿಗೇ ಬೇರೆಯಾಗಿ ಹೇಳಿಕಳಿಸಿದಳು: "ಯಕ್ಕಾ, ನನ್ನ ಮಗಳು ಹೋದ ಮ್ಯಾಲ ಹಟ್ಟ್ಯಾಗ ಕರಿ ಆಡು ಈದಿತ್ತಲ್ಲ, ಆ ಮರಿಗೇ ನಾ ಮಗಳ ಹೆಸರು ಇಟ್ಟೀನಿ ಅಂತ ನಿಮಗೊಬ್ಬರಿಗೆ ಹೇಳಿದ್ದೆ. ಪದ್ಮಕ್ಕ ಬೆಕ್ಕಾಗಿ ಬಂದಾಳ ಅಂದ ಮ್ಯಾಲ ನನ್ನ ಮಗಳೂ ಬಂದಾಳ ಅಂತ ಧೈರ್ಯ ಇತ್ತು. ಈಗ ಬೆಕ್ಕೇ ಇಲ್ಲಂದ್ರ? ನೀವರ ಏನರ ಹೇಳ್ರಿ ಯಕ್ಕಾ."

ಶಾಲೆಯ ಉತ್ತರ ಪತ್ರಿಕೆ ಬದಿಗಿಟ್ಟು ಕುಳಿತು ಬರೆದೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ. ತೋರಿಸುವವರು ತೋರಿಸುವುದನ್ನು ಬಿಟ್ಟಿದ್ದಾರೆ, ಬೆಕ್ಕು ಆ ಮನೆ ಬಿಟ್ಟಿಲ್ಲ. ತನ್ನವರು ಉಂಡರೋ ಇಲ್ಲವೋ ಎಂದು ಯಾವುದೋ ಕಿಟಕಿಯಿಂದ ನೋಡುತ್ತಿರುತ್ತದೆ. ನೀನು ಆಡಿಗೆ ಮೇವು ಹಾಕುವುದನ್ನು ಬಿಡಬೇಡ ಹನುಮಂತಮ್ಮ. ಶಶಿಅಕ್ಕ ಹೇಳುತ್ತಿದ್ದೇನೆ.

ಕಳಿಸಿದ ಮೇಲೆ ಎರಡು ಸಲ ಓದಿದೆ. ವಿಜ್ಞಾನದ ಮೇಷ್ಟ್ರು ಬರೆಯುವ ಮಾತಲ್ಲ. ಆದರೆ ನಾನು ಬರೆದದ್ದಲ್ಲವಲ್ಲ, ಅವಳು ಬರೆದದ್ದು.

ನವೆಂಬರ್ 20, ಗುರುವಾರ

ಎಂಥ ಕೆಲಸ ಮಾಡಿಟ್ಟೆ.

ಹನುಮಂತಮ್ಮನ ಮೆಸೇಜು ಇದ್ದದ್ದು ಇದ್ದ ಹಾಗೇ ಬರೆದಿಡುತ್ತೇನೆ. "ಯಕ್ಕಾ, ಐದು ತಿಂಗಳಾತು ನಿಮ್ಮ ದನಿ ಕೇಳಿಲ್ಲ. ದವಾಖಾನ್ಯಾಗ ಇದ್ದವರಿಗೇ ಔಷಧ ಹತ್ತವಲ್ದು ಅಂದ್ರ ಇದು ಬ್ಯಾರೆ ಅದ. ನಾ ನೀರಮಾನ್ವಿ ಎಲ್ಲವ್ವಗ ಹರಕಿ ಹೊತ್ತೀನಿ. ಬರೋ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಬಂದು ಗುಡಿ ಸುತ್ತ ದೀಡ ನಮಸ್ಕಾರ ಹಾಕಿ, ಭಂಡಾರ ತಗೊಂಡು, ಹಂಗ ಮಾನ್ವಿ ದವಾಖಾನಿಗೆ ಬರ್ತೀನಿ. ನನ್ನ ಕೈಲೆ ನಿಮ್ಮ ಗಂಟಲಿಗೆ ಹಚ್ಚಿ ಹೋಗ್ತೀನಿ. ಬ್ಯಾಡ ಅನಬ್ಯಾಡ್ರಿ."

ದೀಡ ನಮಸ್ಕಾರವೆಂದರೆ ಒದ್ದೆ ಸೀರೆಯಲ್ಲಿ ನೆಲಕ್ಕೆ ಉದ್ದುದ್ದ ಬೀಳುವುದು, ಕೈ ಮುಟ್ಟಿದಲ್ಲಿ ಗೆರೆ ಎಳೆದು ಎದ್ದು, ಗೆರೆಯಿಂದ ಮತ್ತೆ ಬೀಳುವುದು. ಹಾಗೆ ಗುಡಿ ಸುತ್ತುವುದು. ಭಂಡಾರವೆಂದರೆ ಗುಡಿಯ ಅರಿಶಿನಪುಡಿ. ಇದರ ವಿರುದ್ಧ ನಾನೇ ಕರಪತ್ರ ಹಂಚಿದ್ದೇನೆ.

ಬೇಡ, ಗಂಟಲು ಸರಿಹೋಯಿತು ಎಂದು ಬರೆದೆ. "ಹಂಗಾರ ಒಂದು ಮಾತು ಬಾಯಿಲೆ ಹೇಳ್ರಿ" ಎಂದು ಉತ್ತರ ಬಂತು.

ನವೆಂಬರ್ 25, ಮಂಗಳವಾರ

ಹೇಳಬೇಕು. ನಾಳೆ ಹೇಳುತ್ತೇನೆ.

ನವೆಂಬರ್ 27, ಗುರುವಾರ

ಇವತ್ತೂ ಆಗಲಿಲ್ಲ. ಹೇಳಿದರೆ ಮೂವತ್ತು ಜನ ಒಂದೇ ಸಲ 'ಅಯ್ಯೋ' ಅನ್ನುತ್ತಾರೆ, ಆಮೇಲೆ ಆ ಫೋನು ಸುಮ್ಮನಾಗುತ್ತದೆ. 'ಶಶಿಅಕ್ಕಾ' ಎಂದು ಅವಳನ್ನು ಕರೆಯುವವರು ಭೂಮಿಯ ಮೇಲೆ ಇನ್ನು ಯಾರೂ ಇರುವುದಿಲ್ಲ. ನನಗೆ ಅದು ಬೇಡ. ಇದರಲ್ಲಿ ವಿಜ್ಞಾನವೂ ಇಲ್ಲ, ಧಮ್ಮವೂ ಇಲ್ಲ. ನನಗೆ ಬೇಡ, ಅಷ್ಟೇ.

ಆದರೆ ಆಕೆ ನಾಳೆ ದವಾಖಾನೆಯ ಗೇಟಿಗೆ ಬಂದು ಕೇಳಿದರೆ ಅಲ್ಲಿಯ ಕಾವಲುಗಾರ ಮೂಕಪ್ಪ ಬೀಡಿ ಬಾಯಲ್ಲಿಟ್ಟುಕೊಂಡೇ ಹೇಳಿಬಿಡುತ್ತಾನೆ. ಹಾಗಾಗಬಾರದು. ರಜೆ ಹಾಕಿದ್ದೇನೆ. ಬೆಳಿಗ್ಗೆ ನೀರಮಾನ್ವಿಗೆ ಹೋಗಿ ಆಕೆ ಸುರುಮಾಡುವ ಮುಂಚೆಯೇ ಹೇಳುತ್ತೇನೆ.

ನವೆಂಬರ್ 28, ಶುಕ್ರವಾರ

ಎಂಟಕ್ಕೆಲ್ಲ ಗುಡಿಯ ಹತ್ತಿರ ಇದ್ದೆ. ಇಷ್ಟು ವರ್ಷ ಮಾನ್ವಿಯಲ್ಲಿದ್ದು ಒಮ್ಮೆಯೂ ಹತ್ತಿರ ಸುಳಿಯದವನು. ಪರಿಚಯದವರು ಕಂಡಾರೆಂದು ಬೇವಿನ ಮರದ ಹಿಂದೆ ನಿಂತೆ, ಕಾಪಿ ಹೊಡೆಯುವ ಹುಡುಗರಂತೆ.

ಆದರೆ ಆಕೆಯ ಮುಖ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಆಡಿನ ಚಿತ್ರವಿದೆ. ಆಗಲೇ ಮೂವರು ಹೆಂಗಸರು ದೀಡ ನಮಸ್ಕಾರ ಹಾಕುತ್ತಿದ್ದರು. ಬೀಳುವುದು, ಗೆರೆ ಎಳೆಯುವುದು, ಏಳುವುದು. ಯಾರು ಹನುಮಂತಮ್ಮ? ಹೋಗಿ ಒಬ್ಬೊಬ್ಬರನ್ನು ಕೇಳಬಹುದಿತ್ತು. ಕೇಳಲಿಲ್ಲ. ಇನ್ನೂ ಬಂದಿರಲಿಕ್ಕಿಲ್ಲ ಎಂದುಕೊಂಡೆ. ಅಂಜಿದೆ ಎಂಬುದೇ ನಿಜ. ಅವರಲ್ಲೊಬ್ಬಾಕೆ ಬಹಳ ಬಡಕಲು, ಐವತ್ತರ ಆಜುಬಾಜು. ಪ್ರತಿಸಲ ಏಳುವಾಗ ಒಂದು ಕೈಯನ್ನು ಮೊಣಕಾಲಿಗೆ ಕೊಟ್ಟು ಏಳುತ್ತಿದ್ದಳು. ಕಲ್ಲಿನ ಮೇಲೆ ಬಿದ್ದು ಬಿದ್ದು ಮೊಣಕೈ ತರಚಿತ್ತು. ಆಕೆಯಾಗಿರದಿರಲಿ ಎಂದು ಬಯಸಿದೆ. ಯಾರನ್ನು ಕೇಳಿಕೊಂಡೆನೋ ಗೊತ್ತಿಲ್ಲ.

ಮೂವರೂ ಮುಗಿಸಿದರು. ಬಡಕಲು ಹೆಂಗಸು ಒಳಗೆ ಹೋಗಿ ಭಂಡಾರ ತಂದು, ಕಟ್ಟೆಯ ಮೇಲೆ ತನ್ನ ಚೀಲದ ಹತ್ತಿರ ಕುಳಿತಳು. ಆಗ ನನ್ನ ಬುದ್ಧಿಗೆ ಹೊಳೆದದ್ದು ಇಷ್ಟು: ಫೋನ್ ಮಾಡಿದರೆ ಯಾರದು ಹೊಡೆದುಕೊಳ್ಳುತ್ತದೋ ಆಕೆಯೇ ಹನುಮಂತಮ್ಮ. ಶಶಿಕಲಾಳ ಫೋನಿನಿಂದ ಹಚ್ಚಿದೆ.

ಆ ಚೀಲವೇ ಹೊಡೆದುಕೊಂಡಿತು.

ಆಕೆ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಫೋನ್ ತೆಗೆದಳು. ಓದಲು ಬಾರದು, ಆದರೆ ನನ್ನ ಹೆಂಡತಿಯ ಚಿತ್ರ ಬರುತ್ತದಲ್ಲ. ನೋಡಿದವಳೇ ಗುಡಿಯ ಕಡೆ ತಿರುಗಿ ಎರಡೂ ಕೈ ಎತ್ತಿ, "ಯವ್ವಾ ಎಲ್ಲವ್ವಾ! ಕೊಟ್ಟೀಯವ್ವಾ! ಕೊಟ್ಟಿ!" ಎಂದು ಕೂಗಿದಳು. ಸುತ್ತಲಿದ್ದವರೆಲ್ಲ ನೋಡಿದರು. ಫೋನನ್ನು ಕಿವಿಗಿಟ್ಟುಕೊಂಡು, "ಯಕ್ಕಾ! ಮಾತಾಡ್ರಿ ಯಕ್ಕಾ! ದನಿ ಬಂತೇನ್ರಿ?" ಎಂದಳು.

ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳ ಮುಖ ಕಾಣುತ್ತಿತ್ತು. ಅಷ್ಟು ಸಂತೋಷದ ಮುಖವನ್ನು ನಾನು ಈಚೆಗೆ ಕಂಡಿರಲಿಲ್ಲ. ಇಡೀ ಜನ್ಮದಲ್ಲಿ ಯಾರಿಗೂ ಇಷ್ಟು ದೊಡ್ಡ ಅನ್ಯಾಯ ಮಾಡಿಲ್ಲ.

ಹತ್ತಿರ ಹೋದೆ. "ಹನುಮಂತಮ್ಮ, ನಾನು ಸಂಜೀವ. ಶಶಿಕಲಾಳ ಗಂಡ. ಆಕಿ ಇಲ್ಲ. ಜೂನ್ ತಿಂಗಳದಾಗ ಸತ್ತಾಳ. ಇಷ್ಟು ದಿನ ಬರದಾವ ನಾನು."

ಕಿವಿಯಿಂದ ಫೋನು ತೆಗೆಯದೆ ನನ್ನನ್ನು ನೋಡಿದಳು. "ಗಂಟಲಾ?" ಎಂದಳು.

"ಸುಳ್ಳು."

"ಆಡಿಗೆ ಮೇವು ಹಾಕೋದು ಬಿಡಬ್ಯಾಡ ಅಂದದ್ದು?"

"ಅದೂ ನಾನೇ."

"ಸತ್ತಾಕಿ ಹೆಸರೀಲೆ ನನ್ನನ್ನ ನೆಲಕ್ಕ ಬೀಳಿಸಿದ್ರಲ್ರೀ ಸರ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಟ್ಟೆಯ ಮೇಲೆ ಹಾಗೇ ಕುಳಿತು ತಲೆಯ ಮೇಲೆ ಸೆರಗು ಎಳೆದುಕೊಂಡು ಶುರುಮಾಡಿದಳು. ಹಾಡಿಕೊಂಡು. "ನನ್ನ ಮಾರಿ ನೋಡದಾಕಿ, ನನ್ನ ದುಃಖ ಕೇಳಿದಾಕಿ... ಯಾವ ಊರ ದವಾಖಾನ್ಯಾಗ ಒಬ್ಬಾಕಿ ಮಲಗಿದ್ದೆವ್ವಾ... ಮಂದಿ ಕೂಸು ಎತ್ತಿದಾಕಿ ನಿನಗ ನೀರು ಹಾಕವರು ಇದ್ರೇನವ್ವಾ... ಉಪ್ಪು ಚೆಲ್ಲಿದ ಬೆಕ್ಕಿನ ಕತಿ ಹೇಳಿ ನಗಿಸಿದಿ ನನ್ನವ್ವಾ, ಇನ್ನ ನಗಸವರು ಯಾರವ್ವಾ..." ಆ ಇಬ್ಬರು ಹೆಂಗಸರೂ ಬಂದು ಪಕ್ಕದಲ್ಲಿ ಕುಳಿತರು. ಯಾರು ಸತ್ತಿದ್ದು ಎಂದು ಕೇಳಲಿಲ್ಲ, ದನಿಗೂಡಿಸಿದರು.

ಈ ಸಲ ನಾನು ತಡೆಯಲಿಲ್ಲ. ನಾನೂ ಕುಳಿತೆ. ಎಷ್ಟು ಅತ್ತೆನೆಂದು ಬರೆಯಲಾರೆ. ನೂರ ಎಪ್ಪತ್ತೊಂದು ದಿನದ್ದು.

ಬಿಸಿಲೇರಿದ ಮೇಲೆ ಅವಳೇ ಕಣ್ಣೊರೆಸಿಕೊಂಡು, "ತಡೀರಿ, ಒಂದು ಕೇಳಸ್ತೀನಿ. ನನ್ನ ಮಗಳು ಹೋಗಿ ವರ್ಷ ತುಂಬಿದ ದಿನ ಅಕ್ಕ ನನಗೊಬ್ಬಾಕಿಗೆ ಕಳಿಸಿದ್ದು. ದಿನಾ ಕೇಳ್ತೀನಿ" ಎಂದು ಫೋನು ಒತ್ತಿದಳು.

ಅವಳ ದನಿ. ಎದುರಿಗೆ ಕುಳಿತು ಮಾತಾಡಿದ ಹಾಗೆ, ಹಿಂದೆ ಕುಕ್ಕರ್ ಸೀಟಿ ಸಮೇತ.

"ಹನುಮಂತಮ್ಮಾ, ಅಳಬ್ಯಾಡ. ಬೆಕ್ಕಿನ್ಯಾಗ ಪದ್ಮಕ್ಕ ಇದ್ದಾಳಂತ ಗ್ರೂಪ್‌ನ್ಯಾಗ ಹಚ್ಚಿಕೊಟ್ಟಾಕಿ ನಾನ. ನಿನ್ನ ಸಲುವಾಗಿನ ಹಚ್ಚಿಕೊಟ್ಟೀನಿ. ಖರೆ ಅಂತ ಆಣಿ ಮಾಡಂಗಿಲ್ಲ ಮತ್ತ! ನಾ ನರ್ಸ ಅದೀನಿ, ಸತ್ತವರನ್ನ ಭಾಳ ನೋಡೀನಿ. ಯಾರೂ ತಿರುಗಿ ಬಂದಿಲ್ಲ. ಆದ್ರ ಮಗಳಿಗೆ ಹಾಕೋ ತುತ್ತು ಕೈಯಾಗ ಉಳದದಲ್ಲ, ಅದನ್ನ ಆಡಿಗೆ ಹಾಕು. ಕೈ ಸುಮ್ಮ ಇರಬಾರದು. ನಮ್ಮನಿಯವರಿಗೆ ಇದೆಲ್ಲ ಗೊತ್ತಾದ್ರ ಭಾಷಣ ಮಾಡ್ತಾರ. ನಾ ಸತ್ತು ಬೆಕ್ಕಾಗಿ ಬಂದ್ರ ಅವರು ಮೊದಲ ಹುಶ್ ಅಂತ ಓಡಸ್ತಾರ ನೋಡು." ಇಲ್ಲಿ ನಕ್ಕಳು. ಬಾಯ್ತುಂಬ ನಕ್ಕಳು. "ಆಮ್ಯಾಲ ಯಾರೂ ನೋಡಲಾರದಂಗ ಹಾಲು ಇಡ್ತಾರ. ಅವರು ಹಂಗ. ಆತು, ಅವರು ಬರೋ ಹೊತ್ತಾತು, ಇಡ್ತೀನಿ."

ಮತ್ತೊಮ್ಮೆ ಹಚ್ಚು ಎಂದೆ. ಹಚ್ಚಿದಳು. ನಾಲ್ಕು ಸಲ.

ಹೊರಡುವಾಗ ಹನುಮಂತಮ್ಮ ಭಂಡಾರದ ಪೊಟ್ಟಣ ಬಿಚ್ಚಿದಳು. "ಹರಕಿ ಗಂಟಲಿಗೆ ಹೊತ್ತೀನಿ ಸರ. ಮನಿಗೆ ವಾಪಸ್ ಒಯ್ಯಂಗಿಲ್ಲ. ಯಾರ ಗಂಟಲು ಕಟ್ಟಿತ್ತೋ ಅವರಿಗೆ ಹತ್ತಲಿ." ಕೇಳದೆಯೇ ನನ್ನ ಗಂಟಲಿಗೆ ಹಚ್ಚಿದಳು. ಸುಮ್ಮನೆ ನಿಂತೆ. ಅದು ಅರಿಶಿನ. ಅರಿಶಿನ ಗಾಯಕ್ಕೆ ಒಳ್ಳೆಯದು ಎಂದು ಎಂಟನೇ ಕ್ಲಾಸಿನಲ್ಲಿ ನಾನೇ ಪಾಠ ಮಾಡುತ್ತೇನೆ. ಉಳಿದದ್ದನ್ನು ಅವಳ ತರಚಿದ ಮೊಣಕೈಗೆ ನಾನು ಹಚ್ಚಿದೆ.

ಕಲ್ಮಲದ ಕಡೆಯ ಬಸ್ಸು ಹತ್ತಿಸಿದೆ. ಅವಳು ತಿರುಗಿ ನೋಡಲಿಲ್ಲ. ನೋಡಬೇಕೆಂದೂ ಇಲ್ಲ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಬಂದು ಅವತ್ತಿಂದು ಪೂರಾ ಮಾಡು" ಎಂದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಮೊದಲ ಬಸ್ಸು ಎಷ್ಟಕ್ಕೆಂದು ಕೇಳಿದಳು. ಮುಂದಿನ ಭಾನುವಾರ ಬರುತ್ತಾಳೆ.

ಮಧ್ಯಾಹ್ನ ಗ್ರೂಪಿಗೆ ಬಾಯಿಯಿಂದಲೇ ಹೇಳಿದೆ. ಮೂರು ಸಲ ಅಳಿಸಿ ನಾಲ್ಕನೆಯದು ಕಳಿಸಿದೆ. "ನಾನು ಸಂಜೀವ, ಶಶಿಕಲಾನ ಗಂಡ. ಆಕಿ ಜೂನ್ ಹತ್ತಕ್ಕ ಸತ್ತಾಳ. ಆಗಸ್ಟ್‌ದಿಂದ ಆಕಿ ಹೆಸರೀಲೆ ಬರದಾವ ನಾನು. ಆಕಿನ್ನ ಕರಿಯೋದು ನೀವು ಬಿಡಬಾರದು ಅನಿಸ್ತು, ಅದಕ್ಕ. ತಪ್ಪಾತು."

ವಿಜಯಲಕ್ಷ್ಮಿ ಕೂಡಲೇ ಗ್ರೂಪ್ ಬಿಟ್ಟಳು. ಅವಳ ಹಿಂದೆ ಇನ್ನೂ ಒಂಬತ್ತು ಜನ. ಐದರ ಹೊತ್ತಿಗೆ ಸವಿತಾಳ ದನಿ ಬಂತು, ಅತ್ತು ಕಟ್ಟಿದ ದನಿ: "ಸರ, ನಗಸೋದು ನಿಂತಾಗ ನನಗ ಅನುಮಾನ ಬರಬೇಕಿತ್ತು." ಹನುಮಂತಮ್ಮ ಆಡಿನ ಫೋಟೋ ಒಂದು ಹಾಕಿದಳು, ಮೇವು ತಿನ್ನುತ್ತಿರುವುದು.

ಸಾಲಾಗಿ ನಿಂತ ಅವಳ ವಾಯ್ಸ್ ಮೆಸೇಜುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಇವತ್ತು ಒತ್ತಿದೆ. ದಿನಕ್ಕೊಂದೇ. ಎಣಿಸಿದ್ದೇನೆ, ಇನ್ನೂರ ಆರು ಇವೆ. ಜೂನ್ ಕೊನೆಯವರೆಗೆ ಬರುತ್ತವೆ. ಅಲ್ಲಿಂದ ಮುಂದೆ ಗೊತ್ತಿಲ್ಲ.

ಸಂಜೆ ಬೆಕ್ಕು ಬಂತು, ಬಲಗಿವಿ ಹರಿದದ್ದು. ಬೆಕ್ಕೇ, ಬೇರೇನೂ ಅಲ್ಲ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದರಲ್ಲಿ ತಪ್ಪಿಲ್ಲ. ಕಿಟಕಿಯಲ್ಲಿ ಕುಳಿತು ನನ್ನನ್ನೇ ನೋಡಿತು.

ಹುಶ್ ಎಂದೆ. ಜಿಗಿದು ಹೋಯಿತು.

ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಲಿಟ್ಟೆ.